ನೆರಳಲ್ಲಿ ಒಣಗಿಸಿ

ಪೊಟ್ಟಣದ ಮೇಲೆ ಅಚ್ಚಾಗಿರುವುದು ಇಷ್ಟೆ:
ಇನ್ನೂರು ಗ್ರಾಂ. ತಯಾರಾದ ದಿನ. ಮುಗಿಯುವ ದಿನ.
ಬೆಲ್ಲದ ನೀರಲ್ಲಿ ಕಲಸಿ, ಬೀಜಕ್ಕೆ ಹಚ್ಚಿ,
ನೆರಳಲ್ಲಿ ಒಣಗಿಸಿ.
ಒಳಗಿರುವವರ ಹೆಸರೂ ಇದೆ,
ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ.
ನಾನು ಹುಡುಗರು ಅಂತಲೇ ಕರೆಯುತ್ತೇನೆ.

ಹನ್ನೊಂದು ವರ್ಷವಾಯಿತು, ಹಾಸನದ ಸಂತೇಪೇಟೆಯಾಚೆ
ಈ ಲ್ಯಾಬಿನಲ್ಲಿ ಗಾಜಿನ ಬುರುಡೆ ತೊಳೆಯುತ್ತ.
ಹತ್ತಿಯ ಬಿರಡೆ, ಕುಕ್ಕರಿನ ದೊಡ್ಡಪ್ಪನಂಥ ಹಂಡೆ,
ಹಗಲೂ ಇರುಳೂ ತೊಟ್ಟಿಲು ತೂಗುವ ಯಂತ್ರ.
ಕರೆಂಟು ಹೋದರೆ ಮೊದಲು ಓಡುವವಳು ನಾನು.
ನಸೀಮಾ ಮೇಡಂ ನಗುತ್ತಾರೆ:
‘ಹೊಂಬಾಳಮ್ಮ, ಅವು ಅಳೋದಿಲ್ಲ ಬಿಡಿ.’
ಅಳದ ಕೂಸಿಗೆ ತಾನೆ, ಮೇಡಂ, ಹೆಚ್ಚು ಕಾವಲು?

ಒಂದು ಸಲ ಕತ್ತಲೆ ಕೋಣೆಗೆ ಕರೆದು
ನೀಲಿ ದೀಪದಡಿ ತಟ್ಟೆಯೊಂದನ್ನು ಹಿಡಿದರು.
ಹಗಲಲ್ಲಿ ಹಳಸಿದ ಕೆನೆಯಂತಿದ್ದದ್ದು
ಹಸಿರೂ ಅಲ್ಲದ ಹಳದಿಯೂ ಅಲ್ಲದ ಬೆಳಕಾಗಿತ್ತು,
ಮಿಣುಕುಹುಳ ಹಿಡಿದ ಮುಷ್ಟಿಯ ಸಂದಿನ ಹಾಗೆ.
ಎಲ್ಲಿಯವರು ಇವರು?
‘ದುದ್ದದ ಕಡೆಯ ರಾಗಿ ಬೇರಿನವರು.
ಹೊಲವೆಲ್ಲ ಕೆಂಪಾಗಿ ಕೂತಾಗ
ಒಂದು ಮೂಲೆ ಮಾತ್ರ ಕಪ್ಪಗೆ ನಿಂತಿತ್ತಂತೆ.’
ಯಾರ ಹೊಲ? ಚೀಟಿ ನೋಡಿದೆ.
ನಂಬರಷ್ಟೇ ಇತ್ತು.

ಆಮೇಲೆ ಆ ಶ್ರಾವಣದಲ್ಲಿ ಕಟ್ಟಾಯದಿಂದ ಬಂದ
ಚಿಕ್ಕಬೋರಯ್ಯ, ಅರ್ಧ ಖಾಲಿಯಾದ ಪೊಟ್ಟಣ ಮೇಜಿಗೆ ಕುಕ್ಕಿ:
‘ಏನಮ್ಮ, ಇದ್ದಲು ಪುಡಿ ಮಾರ್ತೀರ?
ಅವರೆ ಬಿತ್ತಿ ತಿಂಗಳಾಯ್ತು. ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ
ಎಳ್ಳಷ್ಟು ಯತ್ಯಾಸ ಇಲ್ಲ.’
ಎಲ್ಲಿಟ್ಟಿದ್ದೆ?
‘ಟ್ರ್ಯಾಕ್ಟರ್ ಮೇಲೆ.’
ಬಿಸಿಲಲ್ಲಿ?
‘ಮತ್ತೆ, ಅದಕ್ಕೆ ಛತ್ರಿ ಹಿಡೀಲಾ?’

ಗ್ರಾಮಿಗೆ ಹತ್ತು ಕೋಟಿ ಅಂತ ಮೇಡಂ ಲೆಕ್ಕ.
ಬೆರಳು ಮಡಚಿ ಹೇಳಿದೆ:
ಬೋರಯ್ಯ, ಸಾವಿರ ಕೋಟಿ ಹೆಣ ಹೊತ್ತು
ಬಸ್ಸಲ್ಲಿ ಕೂತು ಬಂದಿದ್ದೀಯ.
ಅವನು ಪೊಟ್ಟಣದಿಂದ ಕೈ ತೆಗೆದ.
ಸ್ವಲ್ಪ ಹೊತ್ತು ಬಿಟ್ಟು, ‘ಸೂತಕ ನಂಗೋ ನಿಮಗೋ?’ ಅಂದ.
ಕೆಳಗಿನ ಹೊಲ ಇನ್ನೂ ಬಿತ್ತಿರಲಿಲ್ಲವಂತೆ.
ಹೊಸ ಪೊಟ್ಟಣ ಕೊಟ್ಟೆ, ಒದ್ದೆ ಗೋಣಿಯಲ್ಲಿ ಸುತ್ತಿ.
ನೀರಿನ ಮಡಕೆ ಪಕ್ಕ ಇಡು,
ಯೂರಿಯಾ ಮೂಟೆ ಪಕ್ಕ ಅಲ್ಲ.
ಬೆಲ್ಲದ ನೀರು ಕಾಯಿಸಿದರೆ ಆರಲಿ, ಪೂರ್ತಿ ಆರಲಿ.

ಹೇಳುವಾಗ ಶಾಂತಿಗ್ರಾಮದ ನಮ್ಮ ಹೊಲ ಕಣ್ಣಿಗೆ ಬಂತು.
ಎಂಟು ವರ್ಷದವಳು ನಾನು. ಅಪ್ಪ ಅವರೆ ಗಿಡ ಕಿತ್ತು
ಬೇರಿನ ತುಂಬ ಗಂಟು ಕಂಡು
ರೋಗ ಹತ್ತಿತು ಅಂದವನೇ
ಇಡೀ ಸಾಲು ಕಿತ್ತು ಬದುವಿನಾಚೆ ಎಸೆದ,
ಅಂಟುಜಾಡ್ಯದ ಬಟ್ಟೆ ಎಸೆದ ಹಾಗೆ.
ಒಂದು ಗಂಟು ಕದ್ದು ಉಗುರಲ್ಲಿ ಸೀಳಿದ್ದೆ.
ಒಳಗೆ ಎಳೆಗರುವಿನ ನಾಲಗೆಯ ಬಣ್ಣ.
ರೋಗ ಇಷ್ಟು ಚೆಂದ ಇರುತ್ತದಾ ಅಂತ
ಯಾರನ್ನೂ ಕೇಳಲಿಲ್ಲ.

ಈಗ ಗೊತ್ತು. ಗಿಡ ತನ್ನ ಬೇರಲ್ಲೇ
ಕೋಣೆ ಕಟ್ಟಿಕೊಟ್ಟು, ಸಕ್ಕರೆ ಇಳಿಸಿ ಸಾಕಿತ್ತು.
ಹುಡುಗರು ಬರಿಗಾಳಿಯಿಂದ
ಗೊಬ್ಬರ ಹಿಡಿದು ಮೇಲೆ ಕಳಿಸುತ್ತಿದ್ದರು.
ಅದೇ ಹೊತ್ತಿಗೆ ಅಪ್ಪ ಸೊಸೈಟಿ ಮುಂದೆ
ಚಪ್ಪಲಿ ಸಾಲಿಗಿಟ್ಟು ಮೂಟೆಗೆ ಕಾಯುತ್ತಿದ್ದ.

ಕಾರ್ತಿಕದಲ್ಲಿ ಒಂದು ಸಂಜೆ
ಕಂಡಕ್ಟರೊಬ್ಬ ಗೇಟಿನಲ್ಲಿ ಕೂಗಿದ.
ಹಳೇ ಪೇಪರಿನಲ್ಲಿ ಮಣ್ಣು ಸಮೇತ ಒಂದು ಅವರೆ ಗಿಡ,
ಹೂವು ಇನ್ನೂ ಕಾಯಿ ಕಚ್ಚಿರಲಿಲ್ಲ.
ಕಾಗದ ಇಲ್ಲ, ಮಾತೂ ಇಲ್ಲ.
‘ಕಟ್ಟಾಯದವರು ಕೊಟ್ಟದ್ದು. ಲಗೇಜು ಹತ್ತು ರೂಪಾಯಿ.’
ಎಷ್ಟು ಜನ ಕೂತು ಬಂದಿದ್ದಾರೆ ಅಂತ
ಗೊತ್ತಿದ್ದರೆ ಬಸ್ಸನ್ನೇ ಬರೆಸಿಕೊಳ್ಳುತ್ತಿದ್ದ.

ಸಿಂಕಿನ ಪಕ್ಕ ಮಣ್ಣು ಕೊಡವಿದೆ.
ಇಪ್ಪತ್ತಮೂರು ಗಂಟು. ಎರಡು ಹಸಿರು, ಒಂದು ಕೊಳೆತದ್ದು.
ಮಿಕ್ಕವರಲ್ಲಿ ಒಂದನ್ನು ಸೀಳಿದೆ.

ಅದೇ ಬಣ್ಣ.

ಅಪ್ಪನಿಗೆ ತೋರಿಸಬೇಕಿತ್ತು.
ಅವನು ಮಣ್ಣು ಸೇರಿ ಆರು ವರ್ಷ,
ಇಷ್ಟು ಹೊತ್ತಿಗೆ
ಪರಿಚಯವಾಗಿರುತ್ತದೆ.